ಲಗ್ನಪತ್ರಿಕೆಯ ಹಿಂಬದಿ

ನಕ್ಷೆ ಬೇಡವಂತೆ!

ಹೇಳಿದವನು ನನ್ನ ತಮ್ಮ ಮುನಿರಾಜು. ಅದೂ ಫೋನಿನಲ್ಲಿ. ಎದುರಿಗೆ ಬಂದು ಹೇಳುವ ಧೈರ್ಯ ಅವನಿಗೆ ಚಿಕ್ಕಂದಿನಿಂದಲೂ ಇಲ್ಲ. "ಅಣ್ಣಾ, ಸುಮತಿ ಮದ್ವೆ ಪತ್ರಿಕೇಗೆ ಈ ಸಲ ಮ್ಯಾಪು ಬ್ಯಾಡ್ವಂತೆ. ಅದೇನೋ ಕಪ್ಪು ಚೌಕ ಹಾಕುಸ್ತಾರಲ್ಲ, ಫೋನು ಹಿಡುದ್ರೆ ದಾರಿ ತೋರುಸ್ತದಲ್ಲ, ಅದೇ ಸಾಕಂತೆ" ಎಂದ. ಯಾರು ಬೇಡ ಅಂದಿದ್ದು ಎಂದು ಕೇಳಿದೆ. ಗಂಡಿನ ಕಡೆಯವರು ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಗಂಡಿನ ಕಡೆಯವರು ಏನಾದರೂ ಒಂದನ್ನು ಬೇಡ ಎನ್ನಲೇಬೇಕು, ಇಲ್ಲದಿದ್ದರೆ ಅವರಿಗೆ ಮದುವೆ ನಡೆದ ಹಾಗೇ ಅನ್ನಿಸುವುದಿಲ್ಲ. ಮುನಿರಾಜು, "ಸುಮತೀನೇ ಅಂದ್ಳು ಕಣಣ್ಣ, ಹಸಾ ಈದ್ಬುಟ್ಟದೆ, ಆಮ್ಯಾಕೆ ಮಾಡ್ತೀನಿ" ಎಂದು ಫೋನು ಇಟ್ಟುಬಿಟ್ಟ. ಅವನ ಹಸು ನನಗೆ ಗೊತ್ತಿಲ್ಲವೇ? ಅದು ಈದು ಎರಡು ತಿಂಗಳಾಗಿತ್ತು.

ನಿಮಗೆ ಇದೊಂದು ದೊಡ್ಡ ವಿಷಯ ಅನ್ನಿಸದಿರಬಹುದು. ಲಗ್ನಪತ್ರಿಕೆಯ ಹಿಂಬದಿಯನ್ನು ಯಾರು ತಾನೇ ನೋಡುತ್ತಾರೆ ಎಂದು ನೀವೂ ಅನ್ನಬಹುದು. ಅನ್ನಿ. ಆದರೆ ನಮ್ಮ ಮನೆತನದ ಪತ್ರಿಕೆಯ ವಿಷಯ ಬೇರೆ. ತಮಿಳುನಾಡಿನ ಗಡಿಯೊಳಗಿರುವ ಹೊಸೂರಿನ ಕಡೆಯ ನಮ್ಮಂಥವರ ಪತ್ರಿಕೆ ಒಂದು ಭಾಷೆಯಲ್ಲಿ ಮುಗಿಯುವುದಿಲ್ಲ. ಮನೆದೇವರಿಗೆ ಮತ್ತು ನೆಂಟರಿಗೆ ಕನ್ನಡ, ಆಫೀಸಿನವರಿಗೆ ಮತ್ತು ಅಕ್ಕಪಕ್ಕದವರಿಗೆ ತಮಿಳು, ಕಾರ್ಖಾನೆಯ ಮ್ಯಾನೇಜರುಗಳಿಗೆ ಇಂಗ್ಲಿಷು. ಈ ಮೂರೂ ಮುಗಿದ ಮೇಲೆ ಹಿಂಬದಿಯಲ್ಲಿ ಒಂದು ಜಾಗ ಉಳಿಯುತ್ತದೆ. ಆ ಜಾಗ ನನ್ನದು. ತಂಗಿಯ, ಅವರಿವರ ಮಕ್ಕಳ, ನಮ್ಮ ಮನೆತನದ ಎಲ್ಲ ಮದುವೆಗಳ ದಾರಿಯನ್ನೂ ಕೈಯಾರೆ ಬರೆದುಕೊಟ್ಟವನು ನಾನು. ಈ ಮೂರೂ ಭಾಷೆ ಬಾರದ ನೆಂಟನೊಬ್ಬ ಇದ್ದರೆ ಅವನಿಗೂ ನನ್ನ ನಕ್ಷೆ ಅರ್ಥವಾಗುತ್ತಿತ್ತು.

ಈಗ ಸುಮತಿಯ ಮದುವೆಗೆ ಬೇಡ. ಸುಮತಿ ಮುನಿರಾಜುವಿನ ಮಗಳು, ಆದರೆ ಬೆಳೆದದ್ದು ಹೊಸೂರಿನ ನಮ್ಮ ಮನೆಯಲ್ಲಿ. ಗುಮ್ಮಳಾಪುರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಓದುವುದು ಕಷ್ಟ ಎಂದು ಒಂದನೇ ತರಗತಿಗೆ ತಂದು ಬಿಟ್ಟರು. ಕಾಲೇಜು ಮುಗಿಸಿ, ಟೀಚರಾಗಿ ಕೆಲಸಕ್ಕೆ ಸೇರಿ, ಮದುವೆ ಗೊತ್ತಾಗುವವರೆಗೂ ನಮ್ಮಲ್ಲೇ ಇದ್ದಳು. ನಮಗೆ ಮಕ್ಕಳಿಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಿಕೊಂಡು ತಿರುಗುವವನಲ್ಲ, ವಿಷಯ ನಿಮಗೆ ತಿಳಿಯಲಿ ಎಂದು ಹೇಳಿದೆ ಅಷ್ಟೆ. ಊರಿನವರೆಲ್ಲರ ಮದುವೆಗೂ ನಕ್ಷೆ ಬರೆದ ಕೈ, ನಾವು ಬೆಳೆಸಿದ ಹುಡುಗಿಯ ಮದುವೆಗೆ ಮಾತ್ರ ಸುಮ್ಮನೆ ಕೂರಬೇಕಂತೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಕಾಫಿ ಬೇಡ ಅಂದೆ.

"ಕಾಫಿ ಏನು ಮಾಡ್ತು ನಿಮಗೆ?" ಎಂದಳು ನನ್ನ ಹೆಂಡತಿ ಸಾವಿತ್ರಿ. ಲೋಟ ತೆಗೆದುಕೊಂಡು ಹೋಗಿ ತಾನೇ ಕುಡಿದಳು.

ನಾನು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಉದ್ದನೆಯ ಓರೆ ಮೇಜು, ಟ್ರೇಸಿಂಗ್ ಕಾಗದ, ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವ ಇಂಕು ಪೆನ್ನು. ಪ್ರಿಂಟು ತೆಗೆಯುವ ಕೋಣೆಯಿಂದ ಬರುತ್ತಿದ್ದ ಅಮೋನಿಯದ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಗೆರೆ ಒಂದು ಕೂದಲು ಆಚೆ ಹೋದರೆ ಎಲ್ಲೋ ಒಂದು ಯಂತ್ರದ ಗೇರು ಸೀಳಿಹೋಗುತ್ತದೆ ಎಂದು ನಮ್ಮ ಸೂಪರ್‌ವೈಸರ್ ಹೆದರಿಸುತ್ತಿದ್ದರು. ಅಂಥಲ್ಲಿ ಪಳಗಿದ ಕೈ ಇದು. ನನ್ನ ನಕ್ಷೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಕೆರೆಗೆ ಎಷ್ಟು ದೂರವೋ ಅಷ್ಟೇ ದೂರ. ಸ್ಕೇಲು ಬಿಟ್ಟು ನಾನು ಗೆರೆ ಎಳೆದವನಲ್ಲ, ಲಗ್ನಪತ್ರಿಕೆಯಲ್ಲೂ ಎಳೆಯಲಿಲ್ಲ.

ಈ ನಕ್ಷೆಯ ಪದ್ಧತಿ ಶುರುವಾದದ್ದು ಹೇಗೆ ಎಂದು ಹೇಳಿದರೆ ನಗುತ್ತೀರಿ. ನಮ್ಮ ಮುನಿರಾಜುವಿನ ಮದುವೆ ಹೊಸೂರಿನ ರಾಯಕೋಟೆ ರಸ್ತೆಯ ಕಲ್ಯಾಣ ಮಂಟಪದಲ್ಲಿ. ಅಂಚೆಟ್ಟಿ ಕಡೆಯ ಕಾಡುಹಳ್ಳಿಯಿಂದ ನಮ್ಮ ಸೋದರತ್ತೆ ತನ್ನ ಪರಿವಾರ ಸಮೇತ ಬರಬೇಕಿತ್ತು. ಬೆಳಗಿನ ಒಂದೇ ಬಸ್ಸು ಹಿಡಿದು, ಇನ್ನೊಂದು ಬಸ್ಸು ಬದಲಾಯಿಸಿ, ಪಾಪ, ಬಂದಿದ್ದರು. ಆದರೆ ಮುಹೂರ್ತಕ್ಕೆ ನಮ್ಮ ಮಂಟಪಕ್ಕೆ ಬರಲೇ ಇಲ್ಲ. ಅಪ್ಪ ಕಂಗಾಲಾದರು. ಆಮೇಲೆ ತಿಳಿಯಿತು, ಅದೇ ರಸ್ತೆಯ ಇನ್ನೊಂದು ಮಂಟಪದಲ್ಲಿ ಯಾರದೋ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಹೊಟ್ಟೆ ತುಂಬ ಉಂಡು, ಮುಯ್ಯಿ ಮಾಡಿ, ಎಲೆಅಡಿಕೆ ಹಾಕಿಕೊಂಡು ಊರಿಗೆ ಹೋಗಿದ್ದರು. ವಾರದ ಮೇಲೆ ಅತ್ತೆ ಸಿಕ್ಕಾಗ, "ಊಟ ಎಲ್ಲಾ ಚಂದಾಗಿತ್ತು ಕಣ್ಲಾ. ಆದ್ರೆ ಮುನಿರಾಜ ಯಾಕ್ಲಾ ಅಂಗೆ ಕರ್ರಗಾಗ್ಬುಟ್ಟವ್ನೆ?" ಎಂದು ನನ್ನನ್ನೇ ಕೇಳಿದಳು.

ಆವತ್ತು ಅಪ್ಪ ನನ್ನನ್ನು ಕರೆದು, "ಅದೇನೋ ಗೆರೆ ಎಳೀತೀನಿ ಅಂತ ಸಂಬ್ಳ ತಕ್ಕೊಂತೀಯಲ್ಲ, ಮುಂದುಕ್ಕೆ ಮನೇಲಿ ಯಾವ್ದೇ ಮದ್ವೆ ಆದ್ರೂ ದಾರಿ ಬರ್ದಾಕ್ಲಾ" ಎಂದರು. ಅಪ್ಪನ ಅಪ್ಪಣೆ. ತಂಗಿಯ ಮದುವೆಯಿಂದ ಶುರುವಾಯಿತು. ಬಸ್ ಸ್ಟ್ಯಾಂಡು, ಬೆಟ್ಟದ ಮೇಲಿನ ಗುಡಿ, ಕೆರೆ, ಟೂರಿಂಗ್ ಟಾಕೀಸು, ರೈಸ್ ಮಿಲ್ಲು, ಅಲ್ಲಿಂದ ಮುಂದಕ್ಕೆ ರಸ್ತೆಯಂಚಿಗೆ ದೊಡ್ಡ ಹುಣಸೆಮರ. ಹುಣಸೆಮರದ ಹತ್ತಿರ ಎಡಕ್ಕೆ ತಿರುಗಿದರೆ ನಮ್ಮ ಮನೆಯ ಬೀದಿ, ಬೀದಿಯ ಕೊನೆಗೆ ಮಂಟಪ. ಮಂಟಪದ ಬಾಗಿಲಿಗೆ ಒಂದು ದಪ್ಪ ಬಾಣ. ಅಲ್ಲಿಂದಾಚೆ ನಮ್ಮ ಕಡೆಯ ಯಾವ ನೆಂಟನೂ ಬೇರೆಯವರ ಮದುವೆಯಲ್ಲಿ ಉಂಡದ್ದಿಲ್ಲ.

ಸುಮತಿ ನಮ್ಮ ಮನೆಗೆ ಬಂದ ಮೇಲೆ ನಕ್ಷೆ ಬರೆಯುವಾಗ ಮೇಜಿನ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದಳು. ಗೆರೆ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದ್ದೆ. ಸುಮ್ಮನಿರಬೇಕಲ್ಲ, ಅದಕ್ಕೆ ಹುಣಸೆಮರ ಬರೆಯುವ ಕೆಲಸ ಅವಳಿಗೆ ಬಿಟ್ಟುಕೊಟ್ಟೆ. ಮೊದಮೊದಲು ಅವಳ ಮರ ಹೂಕೋಸಿನ ಹಾಗಿರುತ್ತಿತ್ತು. ಬರಬರುತ್ತಾ ಕಾಯಿ ಜೋತುಬಿದ್ದವು, ಆಮೇಲೆ ಒಂದು ಮದುವೆಗೆ ಮರದ ಕೆಳಗೆ ಎಮ್ಮೆಯೂ ಬಂತು. ಲಗ್ನಪತ್ರಿಕೆಯಲ್ಲಿ ಎಮ್ಮೆ ಯಾಕೆ ಎಂದು ಬೀಗರು ಕೇಳಿದರು. ದಿನಾ ಅಲ್ಲಿ ಕಟ್ಟಿರ್ತಾರೆ, ಅದಕ್ಕೆ ಎಂದು ನಾನೇ ಅವಳ ಪರವಾಗಿ ಜಗಳವಾಡಿದೆ. ಆ ಸುಮತಿ ಈಗ ನಕ್ಷೆ ಬೇಡ ಅನ್ನುತ್ತಾಳೆ!

ನಕ್ಷೆಯ ಹುಚ್ಚು ನನಗೆ ಹತ್ತಿದ್ದು ಸ್ಕೂಲಿನಲ್ಲಿ. ಹುಚ್ಚು ಅಂದೆನಲ್ಲ, ನಿಜವಾಗಿ ಅದೂ ಸಿಟ್ಟೇ. ಗೋಡೆಗೆ ತೂಗುಹಾಕುವ ಬಟ್ಟೆಯ ನಕ್ಷೆಗಳು ಎರಡು ಇದ್ದವು, ಮೇಲೊಂದು ಕೋಲು, ಕೆಳಗೊಂದು ಕೋಲು. ಬಿಚ್ಚಿದರೆ ವಾರ್ನಿಷ್ ವಾಸನೆ, ಜೊತೆಗೊಂದು ಜಿರಳೆ. ಕರ್ನಾಟಕದ ನಕ್ಷೆಯಲ್ಲಿ ಬಣ್ಣವೆಲ್ಲ ಅತ್ತಿಬೆಲೆಗೇ ನಿಂತುಹೋಗುತ್ತಿತ್ತು. ಅದರಾಚೆ ಬರೀ ಬಿಳಿ, ಆ ಬಿಳಿಯಲ್ಲಿ ನಾವು. ತಮಿಳುನಾಡಿನ ನಕ್ಷೆಯಲ್ಲಿ ನೋಡೋಣವೆಂದರೆ ನಾವು ಎಡಗಡೆಯ ಅಂಚಿನಲ್ಲಿ, ಹಳೇ ಬಟ್ಟೆ ನೂಲುನೂಲಾಗಿ ಬಿಟ್ಟುಕೊಂಡ ಜಾಗದಲ್ಲಿ. ಮೇಷ್ಟರು ಬೆತ್ತದಿಂದ ಊರು ತೋರಿಸು ಅಂದರೆ ನಾನು ನೂಲು ತೋರಿಸುತ್ತಿದ್ದೆ. ಕ್ಲಾಸೆಲ್ಲ ನಗುತ್ತಿತ್ತು. ದೊಡ್ಡವನಾಗಿ ನನ್ನ ಮೊದಲನೇ ಸಂಬಳದಲ್ಲಿ ಮಡಿಚುವ ರಸ್ತೆ ನಕ್ಷೆ ಕೊಂಡೆ. ಅದರಲ್ಲೂ ಹೊಸೂರು ಸರಿಯಾಗಿ ಮಡಿಕೆಯ ಮೇಲೆ! ಬಿಚ್ಚಿ ಬಿಚ್ಚಿ ಮಡಿಚಿ ಮಡಿಚಿ ಮೊದಲು ಸವೆದು ತೂತಾದದ್ದು ನಮ್ಮ ಊರೇ. ಹಿಂದಿನಿಂದ ಒಂದು ತುಂಡು ಕಾಗದ ಅಂಟಿಸಿ, ಹೊಸೂರನ್ನೂ ರಾಯಕೋಟೆಯನ್ನೂ ಅಂಚೆಟ್ಟಿಯನ್ನೂ ಗುಮ್ಮಳಾಪುರವನ್ನೂ ಕನ್ನಡದಲ್ಲಿ ನಾನೇ ಬರೆದೆ. ಅವತ್ತು ಆದ ಸಂತೋಷ ಹೇಳತೀರದು. ಯಾವ ಸರಕಾರವೂ ನಮ್ಮನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿಲ್ಲ.

ಇರಲಿ, ಮಾತು ಎಲ್ಲಿಗೋ ಹೋಯಿತು. ಮುನಿರಾಜು ಫೋನಿಟ್ಟ ಮಾರನೇ ದಿನ ನಾನು ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಸೆಲ್ವಂ ಬಹಳ ದಿನದ ಪರಿಚಯ, ನನ್ನ ನಕ್ಷೆಗಳನ್ನೆಲ್ಲ ಅಚ್ಚು ಹಾಕಿದವನು ಅವನೇ. ತಮಿಳು ಮನೆಮಾತಾದರೂ ನನ್ನ ಜೊತೆ ಕನ್ನಡವನ್ನೇ ಆಡುತ್ತಾನೆ, ಅದು ನಡುನಡುವೆ ಜಾರುತ್ತದೆ.

"ಮ್ಯಾಪು ಯಾರು ಸಾರ್ ನೋಡ್ತಾರೆ ಇಪ್ಪೊ?" ಎಂದ. "ಇದು ನೋಡಿ, ಕ್ಯೂಆರ್ ಕೋಡು. ಒಂದು ತಟ್ಟು ತಟ್ಟಿದ್ರೆ ನೇರಾ ಮಂಟಪ. ನಿಮ್ಮ ಪಾಪಾನೇ ಮೇಲ್‌ನಲ್ಲಿ ಕಳಿಸಿದಾರೆ ಸಾರ್."

ಪಾಪ ಅಂದರೆ ಸುಮತಿ. ಕಂಪ್ಯೂಟರಿನಲ್ಲಿ ಪತ್ರಿಕೆ ತೋರಿಸಿದ. ಹಿಂಬದಿಯ ನನ್ನ ಜಾಗದ ನಟ್ಟನಡುವೆ ಒಂದು ಚೌಕ ಕೂತಿತ್ತು. ಕರಿ ಎಳ್ಳು ಬಿಳಿ ಎಳ್ಳು ಕಲೆಸಿ ಚೆಲ್ಲಿದ ಹಾಗೆ. ಅದರಲ್ಲಿ ಬೆಟ್ಟ ಯಾವುದು? ಕೆರೆ ಯಾವುದು? ಮಂಗಳಕಾರ್ಯದ ಕಾಗದದ ಮೇಲೆ ಎಳ್ಳು ಚೆಲ್ಲುತ್ತೀರಲ್ಲಯ್ಯ, ನಿಮಗೆ ಬುದ್ಧಿ ಇದೆಯೇ ಎಂದು ಕೂಗಾಡಿದೆ. ಸೆಲ್ವಂ ಟೀ ತರಿಸಿದ. ಕುಡಿಯಲಿಲ್ಲ.

ನಾನು ಫೋನಿನ ವಿರೋಧಿಯಲ್ಲ, ಇದನ್ನು ದಯವಿಟ್ಟು ಗಮನಿಸಬೇಕು. ನನ್ನ ಹತ್ತಿರವೂ ಫೋನಿದೆ. ಕರೆಂಟು ಬಿಲ್ಲು ಅದರಲ್ಲೇ ಕಟ್ಟುತ್ತೇನೆ. ಆದರೆ ಆ ದಾರಿ ಹೇಳುವ ಹೆಂಗಸಿನ ದನಿ ಇದೆಯಲ್ಲ, ಆಯಮ್ಮನನ್ನು ಕಂಡರೆ ನನಗಾಗುವುದಿಲ್ಲ. "ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ" ಎನ್ನುತ್ತಾಳೆಯೇ ಹೊರತು ಅಲ್ಲೊಂದು ಕೋಟೆ ಇದೆ ನೋಡಿ, ಇಲ್ಲಿ ಟೊಮ್ಯಾಟೊ ಅಗ್ಗ, ನಿಲ್ಲಿಸಿ ಎಂದು ಒಂದು ದಿನವಾದರೂ ಹೇಳಿದ್ದಾಳೆಯೇ? ನಾವು ಹೋಗುವ ಊರು ಬಿಟ್ಟರೆ ಬೇರೆ ಊರೇ ಇಲ್ಲ ಆ ಪರದೆಯ ಮೇಲೆ. ಒಂದು ನೀಲಿ ಗೆರೆ, ಅದರ ಮೇಲೆ ನಾನೊಂದು ಚುಕ್ಕೆ. ಯಾವಾಗ ನೋಡಿದರೂ ನಾನೇ ಮಧ್ಯದಲ್ಲಿ! ಭೂಮಿ ನನ್ನ ಸುತ್ತ ತಿರುಗುತ್ತಿರುತ್ತದೆ. ಕಾಗದದ ನಕ್ಷೆ ನಿಮಗೆ ಇಂಥ ಮರ್ಯಾದೆ ಕೊಡುವುದಿಲ್ಲ. ನೀನು ಎಲ್ಲಿದ್ದೀಯೋ ನೀನೇ ಹುಡುಕಿಕೋ ಎನ್ನುತ್ತದೆ. ನೀವು ಬೆರಳಿಟ್ಟುಕೊಂಡು ಕೃಷ್ಣಗಿರಿಗೆ ಹೊರಟರೆ, ಹೋಗದ ಊರುಗಳೂ ಪಕ್ಕದಲ್ಲಿ ಕೂತು ನೋಡುತ್ತಿರುತ್ತವೆ. ಓ ಇಲ್ಲೇ ಅಲ್ಲವೇ ದೊಡ್ಡಮ್ಮನ ಮನೆ, ನೋಡಿಕೊಂಡು ಬಂದು ಎಷ್ಟು ದಿನವಾಯಿತು ಎಂದು ನೆನಪಾಗುತ್ತದೆ. ಫೋನು ಬಂದ ಮೇಲೆ ನಾನು ಯಾವ ದೊಡ್ಡಮ್ಮನ ಮನೆಗೂ ಹೋಗಿಲ್ಲ.

ಅಷ್ಟಕ್ಕೂ ಆಯಮ್ಮ ಸರಿಯಾಗಿಯಾದರೂ ಹೇಳುತ್ತಾಳೆಯೇ? ರಾಯಕೋಟೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರ ಮಗಳ ಮದುವೆ. ಅವರ ಪತ್ರಿಕೆಗೂ ಇಂಥದ್ದೇ ಚೌಕ. ಗಂಡಿನ ದಿಬ್ಬಣ ಬರುವ ಹೊತ್ತಿಗೆ ಮುಂಬಾಗಿಲಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ವಾಲಗದ ಸದ್ದು ಕೇಳಿಸುತ್ತಿದೆ, ಆದರೆ ದಿಬ್ಬಣ ಕಾಣುತ್ತಿಲ್ಲ. ಸದ್ದು ಬೆನ್ನ ಹಿಂದಿನಿಂದ ಬಂದ ಹಾಗಿತ್ತು. ತಿರುಗಿ ನೋಡಿದರೆ, ಫೋನು ಅವರನ್ನು ಮಂಟಪದ ಹಿಂದಿನ ಗಲ್ಲಿಗೆ ಕರೆದುಕೊಂಡು ಹೋಗಿ ಅಡುಗೆ ಮನೆಯ ಬಾಗಿಲಿಗೆ ಬಿಟ್ಟಿದೆ! ಮದುಮಗ ಪೇಟ ಬಾಸಿಂಗದ ಸಮೇತ ಕುಂಬಳಕಾಯಿ ರಾಶಿಯ ಪಕ್ಕದಲ್ಲಿ ನಡೆದುಬಂದ. ಸಾಂಬಾರು ಕುದಿಸುತ್ತಿದ್ದ ಭಟ್ಟರು ಸೌಟು ಹಿಡಿದುಕೊಂಡೇ ಎದ್ದುನಿಂತು ಕೈಮುಗಿದರು. ಮದುಮಗನ ಸೋದರಮಾವ ಈಗಲೂ ಆ ವಿಷಯಕ್ಕೆ ಬೀಗರ ಜೊತೆ ಮಾತು ಬಿಟ್ಟಿದ್ದಾನಂತೆ. ನನ್ನ ನಕ್ಷೆ ಇದ್ದಿದ್ದರೆ ಇದಾಗುತ್ತಿತ್ತೇ?

ಇದನ್ನೆಲ್ಲ ಸಾವಿತ್ರಿಯ ಮುಂದೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. ಕೊನೆಗೆ, "ನಿಮ್ಮ ನಕ್ಷೇಲಿ ಹುಣಸೆಮರ ಎಲ್ಲಿದೆ?" ಎಂದಳು.

"ರಸ್ತೆಯಂಚಿಗೆ. ತಿರುವಿನಲ್ಲಿ."

"ಅದನ್ನ ರಸ್ತೆ ಅಗಲ ಮಾಡೋವಾಗ ಕಡುದ್ರಲ್ಲ. ಟಾಕೀಸು?"

ಟಾಕೀಸಿನ ಡೇರೆ ಎತ್ತಿ ಎಷ್ಟೋ ಕಾಲವಾಗಿದೆ. ರೈಸ್ ಮಿಲ್ಲಿನ ಜಾಗದಲ್ಲಿ ಫ್ಲಾಟುಗಳಿವೆ. ನನಗೆ ಗೊತ್ತಿಲ್ಲವೇ? ಆದರೆ ಈಗಲೂ ಕಂಡಕ್ಟರು "ಟಾಕೀಸ್ ಇಳೀರಿ" ಎಂದೇ ಕೂಗುತ್ತಾನೆ, ಜನ ಇಳಿಯುತ್ತಾರೆ. ಮನೆಗೆ ಪೇಂಟು ಹೊಡೆಯುವವನಿಗೂ ಗ್ಯಾಸಿನವನಿಗೂ ಹುಣಸೆಮರದ ಹತ್ತಿರ ತಿರುಗಿ ಎಂದೇ ಹೇಳುತ್ತೇವೆ. ನಮ್ಮ ಊರಿನಲ್ಲಿ ದಾರಿ ಹೇಳುವುದೇ ಹಾಗೆ, ಈಗ ಇರುವುದನ್ನು ಹಿಡಿದು ಯಾರು ಹೇಳುತ್ತಾರೆ? ಇವತ್ತು ಇರುವ ಅಂಗಡಿ ನಾಳೆ ಇರುವುದಿಲ್ಲ. ಹೋದದ್ದಾದರೆ ಮತ್ತೆ ಹೋಗುವ ಭಯವಿಲ್ಲ.

"ನಮಗೆ ಸರಿ," ಎಂದಳು ಸಾವಿತ್ರಿ. "ತಿಪಟೂರಿನ ಬೀಗರು ಬಂದು ಇಲ್ಲದ ಮರ ಹುಡುಕ್ತಾ ನಿಂತ್ಕೋಬೇಕಾ?"

ಗಂಡಿನವರು ತಿಪಟೂರಿನವರು. ನನಗೆ ಸಿಟ್ಟು ಬಂತು. ಒಳಗೆ ಹೋಗಿ ಹಳೇ ಪೆನ್ನಿಗೆ ಇಂಕು ತುಂಬಿ ನಕ್ಷೆ ಬರೆದೇಬಿಟ್ಟೆ. ಬೇಡ ಎಂದವರ ಹೊಟ್ಟೆ ಉರಿಯಬೇಕು, ಹಾಗೆ ಬರೆದೆ. ಬೆಟ್ಟದ ಮೆಟ್ಟಿಲು ಕೂಡ ಬಿಡಲಿಲ್ಲ. ಹುಣಸೆಮರದ ಜಾಗ ಮಾತ್ರ ಖಾಲಿ ಬಿಟ್ಟೆ, ಅದು ನನ್ನ ಕೆಲಸವಲ್ಲ. ನಕ್ಷೆಯನ್ನು ಸುರುಳಿ ಸುತ್ತಿ, ಡ್ರಾಯಿಂಗ್ ಇಡುವ ಉದ್ದನೆಯ ಕೊಳವೆ ಡಬ್ಬಿಗೆ ಹಾಕಿ, ಹೆಗಲಿಗೆ ನೇತುಹಾಕಿಕೊಂಡು ಮುನಿರಾಜುವಿನ ಹಳ್ಳಿಗೆ ಹೋಗುವ ತಳಿ ರಸ್ತೆಯ ಬಸ್ಸು ಹತ್ತಿದೆ. ಮದುವೆ ಗೊತ್ತಾದ ಮೇಲೆ ಸುಮತಿ ಹಳ್ಳಿಯಲ್ಲೇ ಇದ್ದಳು. ಬಸ್ಸಿನಲ್ಲಿ ಒಬ್ಬರು, "ಕೊಳಲಾ ಸ್ವಾಮಿ?" ಎಂದು ಕೇಳಿದರು. ಅವರ ಮೇಲೂ ರೇಗಿದೆ.

ಮುನಿರಾಜು ನನ್ನನ್ನು ದೂರದಿಂದ ನೋಡಿದವನೇ ಗುಲಾಬಿ ತೋಟದ ಒಳಗೆ ಹೋಗಿಬಿಟ್ಟ. ಸುಮತಿ ಜಗಲಿಯ ಮೇಲೆ ಕೂತು ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದಳು. ಆಗಲೇ ಅಚ್ಚಾಗಿ ಬಂದಿದ್ದವು! ಸೆಲ್ವಂ ನನಗೊಂದು ಮಾತೂ ಹೇಳಿರಲಿಲ್ಲ. ನಾನು ಡಬ್ಬಿಯನ್ನು ಅವಳ ಮುಂದೆ ಕುಕ್ಕಿದೆ.

"ಏನಾಯ್ತಮ್ಮ ನಿಂಗೆ? ನಾನೇನು ಅನ್ಯಾಯ ಮಾಡಿದ್ದೆ? ಆ ಎಳ್ಳಿನ ಚೌಕ ನಿಂಗೆ ಹೆಚ್ಚಾಯ್ತಾ? ಹೋಗೋರ್ಬರೋರ ಮದ್ವೇಗೆಲ್ಲ ಬರ್ದಿದೀನಿ, ನಿನ್ನ ಮದ್ವೇಗೆ ಬ್ಯಾಡ್ವಾ ನಾನು?"

ಅಂದ ಮೇಲೆ ನನಗೇ ನಾಚಿಕೆಯಾಯಿತು. ಸುಮತಿ ಅರಿಶಿನದ ಕೈಯನ್ನು ಸೀರೆಗೆ ತಾಗದ ಹಾಗೆ ಮೇಲೆತ್ತಿಕೊಂಡು ಎದ್ದಳು.

"ಬೇಡ ಅಂದಿದ್ದು ಪತ್ರಿಕೇಗೆ ದೊಡ್ಡಪ್ಪ. ಮದ್ವೆ ಆದ್ಮೇಲೆ ಪತ್ರಿಕೆ ಏನಾಗುತ್ತೆ? ಯಾರಾದ್ರೂ ಇಟ್ಕೊಂಡಿದಾರಾ? ಅತ್ತೆ ಮಗಳ ಮದ್ವೆ ಪತ್ರಿಕೇಲಿ ಕಡ್ಲೆಪುರಿ ಕಟ್ಟಿದ್ದನ್ನ ನಾನೇ ಅಂಗಡೀಲಿ ನೋಡಿದೀನಿ. ನಿನ್ ನಕ್ಷೆ ಮೇಲೆ ಎಣ್ಣೆ ಇಳ್ದಿತ್ತು."

"ಅದಕ್ಕೇ?"

"ಅದಕ್ಕೇ ನಂಗೆ ಬೇರೆ ಬೇಕು. ನೀನು ಬರ್ದಿರೋದೆಲ್ಲ ನೋಡು ದೊಡ್ಡಪ್ಪ, ಒಂದ್ರಲ್ಲಾದ್ರೂ ವಾಪಸ್ ಬರೋ ಬಾಣ ಇದೆಯಾ? ಎಲ್ಲಾ ಬಾಣಾನೂ ಮದ್ವೆ ಮನೇಗೇ. ಎಲ್ಲಾರ್ನೂ ಮದ್ವೆ ಮನೇಗೆ ತಂದು ಬುಟ್ಟು ಸುಮ್ನಾಗ್ಬುಡ್ತೀಯ. ನಂಗೆ ತಿಪಟೂರಿಂದ ಮನೇಗೆ ಬರೋ ದಾರಿ ಬರ್ಕೊಡು."

"ಮನೇಗೆ ಅಂದ್ರೆ? ಇಲ್ಲಿಗಾ?"

"ನಮ್ಮನೇಗೆ. ಹೊಸೂರ್ಗೆ."

ನಾನು ಏನು ಹೇಳಬೇಕಿತ್ತು? ಬಾಯಿಗೆ ಬಂದದ್ದು ಸಿಟ್ಟೇ. "ತಿಪಟೂರಿಂದ ಹೊಸೂರಿಗೆ ಬರೋಕೆ ನಕ್ಷೆ ಯಾತಕ್ಕಮ್ಮ? ಫೋನಲ್ಲಿ ಇದೆಯಲ್ಲ!" ಎಂದು ಕೂಗಿದೆ. ಹೌದು, ನಾನೇ. ನಾನೇ ಅಂದೆ.

"ಫೋನಲ್ಲಿ ಹುಣಸೆಮರ ಇಲ್ಲ ದೊಡ್ಡಪ್ಪ," ಎಂದಳು.

ಗುಲಾಬಿ ತೋಟದ ಒಳಗಿಂದ ಮುನಿರಾಜು, "ಅಣ್ಣಂಗೆ ನೀರು ಕೊಟ್ಯಾ ಮಗಾ?" ಎಂದು ಕೂಗುತ್ತಿದ್ದ. ಕುಡಿದೆ. ಕಾಫಿಯನ್ನೂ ಕುಡಿದೆ.

ಮದುವೆಯ ದಿನದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಬೆಳಗ್ಗೆಯಿಂದ ನಮ್ಮ ಬೀದಿಯ ಮಂಟಪದ ಮುಂಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ನೆಂಟರನ್ನು ಎದುರುಗೊಳ್ಳಲು ಎಂದು ಎಲ್ಲರೂ ಹೊಗಳಿದರು. ನಾನು ಕೂತದ್ದು ಒಬ್ಬರಾದರೂ ದಾರಿ ತಪ್ಪಲಿ ಎಂದು. ಒಬ್ಬರೂ ತಪ್ಪಲಿಲ್ಲ! ತಿಪಟೂರಿನ ಬಸ್ಸು ಬಂದು ಗೆರೆ ಎಳೆದ ಹಾಗೆ ಬಾಗಿಲ ಮುಂದೆ ನಿಂತಿತು. ಅಡುಗೆ ಮನೆಯ ಕಡೆ ಯಾರೂ ಸುಳಿಯಲಿಲ್ಲ. ಇನ್ನುಳಿದ ಆಸೆ ಅಂಚೆಟ್ಟಿಯ ಅತ್ತೆಯದು. ಅವಳ ಹತ್ತಿರ ಫೋನಿಲ್ಲ, ಇದ್ದರೂ ಕಣ್ಣು ಕಾಣುವುದಿಲ್ಲ. ಕೋಲೂರಿಕೊಂಡು ಅವಳೂ ಬಂದಳು.

"ಹೆಂಗ್ ಬಂದೆ ಅತ್ತೆ? ದಾರಿ ಗೊತ್ತಾಯ್ತಾ?"

"ಟಾಕೀಸ್ತಾವ ಇಳ್ದೆ. ಹುಣಸೆಮರದ್ತಾವ ತಿರೀಕೊಂಡೆ. ಇನ್ನೇನ್ಲಾ ಗೊತ್ತಾಗೋದು?"

"ಹುಣಸೆಮರ ಈಗ ಎಲ್ಲಿದೆ ಅತ್ತೆ?"

"ಇಲ್ದೆ ಎಲ್ಗೋಯ್ತದ್ಲಾ? ಸರಿ, ಮುನಿರಾಜ ಎಲ್ಲಿ? ಬೆಳ್ಳಗಾದ್ನಾ?" ಎಂದು ಒಳಗೆ ನಡೆದಳು.

ಗೊತ್ತಿಲ್ಲದವರಿಗೆ ಫೋನಿತ್ತು, ಗೊತ್ತಿದ್ದವರಿಗೆ ಏನೂ ಬೇಕಿರಲಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಯಾರಿಗೆ ಬರೆದೆ? ಊಟಕ್ಕೆ ಕೂತಾಗಲೂ ಅದೇ ತಲೆಯಲ್ಲಿ. ಪಾಯಸ ಎರಡು ಸಲ ಹಾಕಿಸಿಕೊಂಡದ್ದು ಸಿಟ್ಟಿಗೇ.

ಸುಮತಿ ಕೇಳಿದ ನಕ್ಷೆಯನ್ನು ಬರೆದಿದ್ದೆ, ಬಿಡುತ್ತೇನೆಯೇ? ಆದರೆ ಜೀವಮಾನದಲ್ಲಿ ಮೊದಲ ಸಲ ಸ್ಕೇಲು ಕೈಕೊಟ್ಟಿತು. ತಿಪಟೂರು, ತುಮಕೂರು, ಬೆಂಗಳೂರು, ಅತ್ತಿಬೆಲೆ, ಇವನ್ನೆಲ್ಲ ಲೆಕ್ಕದ ಪ್ರಕಾರ ಬರೆದರೆ ನಮ್ಮ ಬೀದಿಗೆ ಜಾಗವೇ ಉಳಿಯುವುದಿಲ್ಲ. ಕೊನೆಗೆ ಬೆಂಗಳೂರನ್ನು ಒಂದು ಕಡಲೆಕಾಳಿನಷ್ಟು ಮಾಡಿದೆ. ಅದಕ್ಕೆ ಅಷ್ಟೇ ಸಾಕು. ಹೊಸೂರಿನಿಂದ ಈಚೆಗೆ ಬೆಟ್ಟ, ಕೆರೆ, ಟಾಕೀಸಿನ ಡೇರೆ, ರೈಸ್ ಮಿಲ್ಲಿನ ಚಿಮಣಿ, ನಮ್ಮ ಮನೆಯ ಗೇಟು, ಗೇಟಿನ ಪಕ್ಕದ ಕರಿಬೇವು. ಹುಣಸೆಮರವನ್ನು ಬೆಂಗಳೂರಿಗಿಂತ ದೊಡ್ಡದಾಗಿ ನಾನೇ ಬರೆದೆ. ಎಮ್ಮೆಯನ್ನೂ ಬರೆದೆ, ಅದು ನಾಯಿಯ ಹಾಗೆ ಬಂತು. ಬಾಣದ ಮೂತಿ ನಮ್ಮ ಬಾಗಿಲಿಗೆ. ಆ ಕಡೆಯ ತುದಿಯಲ್ಲಿ, ಅವಳ ಅತ್ತೆಯ ಮನೆಯ ಸುತ್ತ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಮನೆ ನೋಡುವ ಶಾಸ್ತ್ರಕ್ಕೆ ಹೋದಾಗ ಅವರು ಕೊಟ್ಟ ಕೋಡುಬಳೆಯನ್ನು ನೋಡಿದ್ದೆನೇ ಹೊರತು ಬೀದಿಯನ್ನು ನೋಡಿರಲಿಲ್ಲ. ತಿಪಟೂರು ಎಂದು ಬರೆದು, ಸುತ್ತ ಬಿಳಿ ಬಿಟ್ಟೆ.

ಹೆಣ್ಣು ಒಪ್ಪಿಸುವ ಹೊತ್ತಿಗೆ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಮಡಿಚಬೇಡ, ಮಡಿಕೆಯ ಮೇಲೆ ಊರು ಬಂದರೆ ಸವೆದುಹೋಗುತ್ತದೆ ಎಂದು ಹೇಳಿದೆ. ಅಂಥ ಹೊತ್ತಿನಲ್ಲಿ ಹೇಳುವ ಮಾತೇ ಇದು ಎಂದು ಸಾವಿತ್ರಿ ಆಮೇಲೆ ಬೈದಳು. ಬೇರೆ ಏನು ಹೇಳಲು ಹೋದರೂ ಅತ್ತುಬಿಡುತ್ತಿದ್ದೆ.

ಮೊನ್ನೆ ಬೆಳಗ್ಗೆ ಫೋನಿಗೆ ಒಂದು ಫೋಟೋ ಬಂತು. ಸುಮತಿ ನಕ್ಷೆಯನ್ನು ತನ್ನ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿಕೊಂಡಿದ್ದಾಳೆ. ಫೋಟೋ ದೊಡ್ಡದು ಮಾಡಿ ನೋಡಿದೆ. ನಾನು ಬಿಟ್ಟಿದ್ದ ಬಿಳಿ ಜಾಗ ಬಿಳಿಯಾಗಿ ಉಳಿದಿರಲಿಲ್ಲ. ತೆಂಗಿನಮರಗಳು, ಒಂದು ನೀರಿನ ಟ್ಯಾಂಕು, ಹಿಟ್ಟಿನ ಮಿಲ್ಲು, ಅದರ ಪಕ್ಕ ಕೆಂಪು ಗೇಟಿನ ಮನೆ, ಗೇಟಿನ ಹತ್ತಿರ ಒಂದು ಎಮ್ಮೆ. ಇದು ನಿಜವಾಗಿ ಎಮ್ಮೆಯ ಹಾಗೇ ಇತ್ತು. ಸ್ಕೇಲು ಪೂರ್ತಿ ತಪ್ಪು, ಟ್ಯಾಂಕಿಗಿಂತ ಎಮ್ಮೆ ದೊಡ್ಡದು. ಅಷ್ಟು ಸಾಲದು ಎಂದು ನನ್ನ ಗೆರೆಯನ್ನೇ ಮುಟ್ಟಿದ್ದಾಳೆ! ನಮ್ಮ ಬಾಗಿಲಿಗೆ ನಾನಿಟ್ಟಿದ್ದ ಬಾಣದ ಆ ಕಡೆಯ ತುದಿಗೆ, ಕೆಂಪು ಗೇಟಿನ ಕಡೆಗೆ, ತನ್ನ ಕೈಯಿಂದ ಇನ್ನೊಂದು ಮೂತಿ ಬರೆದಿದ್ದಾಳೆ.

ಸಾವಿತ್ರಿಗೆ ತೋರಿಸಿದೆ. ಅವಳು ನೋಡಿದವಳೇ ಅಟ್ಟದ ಮೇಲಿನ ಬ್ಯಾಗು ಇಳಿಸಿದಳು.

ಆದರೆ ಫೋನಿನ ಪರದೆಯ ಮೇಲೆ ದಾರಿ ನೋಡಿಕೊಂಡು ಹೋಗುವವನು ನಾನಲ್ಲ. ನೇರವಾಗಿ ಪ್ರೆಸ್ಸಿಗೆ ಹೋಗಿ, ಫೋನನ್ನು ಸೆಲ್ವಂ ಮುಂದೆ ಇಟ್ಟು, "ಇದನ್ನ ಒಳ್ಳೇ ಕಾಗದದ ಮೇಲೆ ಹಾಕಿಕೊಡಯ್ಯ" ಎಂದೆ. ಅವನು ಫೋಟೋವನ್ನು ಆಚೆ ಈಚೆ ತಿರುಗಿಸಿ ನೋಡಿದ. ತುಟಿಯಂಚಿನಲ್ಲಿ ನಗು.

"ಮ್ಯಾಪಾ ಸಾರ್? ಸರಿಂಗ. ಯಾವ ಮದುವೇಗೆ?"

"ಮದ್ವೇಗಲ್ಲ ಕಣಯ್ಯ," ಎಂದು ರೇಗಿದೆ. "ಮಗಳ ಮನೇಗೆ."